ಕೆಂಪು ಗೆರೆಗಳ ಹಾಳೆ

(ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು ನಲವತ್ತರ ಆಸುಪಾಸಿನ ಮಹಿಳೆ. ಚಿತ್ರ ಬರೆಯುವುದನ್ನು ಕಲಿಯಲು ಶುರುಮಾಡಿ ಎರಡು ತಿಂಗಳಾಗಿತ್ತು. ಪರ್ಸ್ಪೆಕ್ಟಿವ್ (ದೂರದ್ದು ಚಿಕ್ಕದಾಗಿ ಕಾಣುವಂತೆ ಬರೆಯುವ ಕ್ರಮ) ಅಭ್ಯಾಸಕ್ಕೆಂದು ಹಾಳೆ ತುಂಬ ಪೆಟ್ಟಿಗೆಗಳನ್ನು ಬರೆದು ಶಿಕ್ಷಕರಿಗೆ ಕೊಟ್ಟಿದ್ದರು. ಅದು ತಿದ್ದಿ ವಾಪಸ್ ಬಂದ ದಿನದಿಂದ ಪೆನ್ಸಿಲ್ ಮುಟ್ಟಿರಲಿಲ್ಲ. ನಿದ್ದೆಯೂ ಕೆಟ್ಟಿತ್ತು. “ನನಗೆ ನೋಡೋಕೇ ಬರಲ್ಲ ಮೇಡಂ,” ಎಂದರು.

ಮುಂದಿನ ಸಲ ಆ ಹಾಳೆ ತನ್ನಿ ಎಂದೆ. ನಾಲ್ಕು ಮಡಿಕೆಯಾಗಿ ಚೀಲದ ತಳದಿಂದ ಬಂತು. ಒಂದು ಪೆಟ್ಟಿಗೆಯ ಮೂಲೆಯಲ್ಲಿ ಅಳಿಸಿ ಅಳಿಸಿ ಕಾಗದ ಜುಂಗು ಎದ್ದಿತ್ತು. ಅದರ ಅಂಚುಗಳನ್ನು ಶಿಕ್ಷಕರು ಕೆಂಪು ಪೆನ್ಸಿಲಿನಿಂದ ಹಿಂದಕ್ಕೆ ಎಳೆದಿದ್ದರು. ಎರಡು ಗೆರೆ ಒಂದೆಡೆ ಸೇರಿದ್ದವು, ಮೂರನೆಯದು ದೂರ ಹೋಗಿತ್ತು.

“ಇದರಲ್ಲಿ ‘ನೋಡೋಕೆ ಬರಲ್ಲ’ ಅಂತ ಎಲ್ಲಿದೆ, ತೋರಿಸಿ,” ಎಂದೆ. ಹುಡುಕಿದರು. ಇದ್ದದ್ದು ಎರಡೇ ಸಾಲು: ಹಿಂದಿನ ಅಂಚು ಅಗಲವಾಗುತ್ತಿದೆ; ಬಿಂದುಗಳನ್ನು (ಅಂಚಿನ ಗೆರೆಗಳು ಹಿಂದೆ ಹೋಗಿ ಸೇರುವ ಜಾಗಗಳನ್ನು) ಇನ್ನೂ ದೂರ ಇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಶಾಲೆಯಲ್ಲಿ ತಮ್ಮ ಸ್ಲೇಟನ್ನು ಎತ್ತಿ ಇಡೀ ತರಗತಿಗೆ ತೋರಿಸಿ ನಗಿಸಿದ್ದನ್ನು ಹೇಳಿದರು. ಆ ಮಾತು ಅಲ್ಲಿಂದ ಬಂದಿತ್ತು.

ನನಗೆ ಚಿತ್ರಕಲೆ ಗೊತ್ತಿಲ್ಲ. ಹಾಗಾಗಿ ಕೆಂಪು ಗೆರೆ ಏನು ಹೇಳುತ್ತದೆಂದು ನನಗೇ ಪಾಠ ಮಾಡಿ ಎಂದು ಕೇಳಿದೆ. ಅವರ ದನಿ ಬದಲಾಯಿತು. ಪೆಟ್ಟಿಗೆಯ ಬದಿಗಳು ಸಮಾಂತರ ಅಂತ ತಲೆಗೆ ಗೊತ್ತು, ಕೈ ಅದನ್ನೇ ಬರೆಯುತ್ತದೆ. ಆದರೆ ಕಣ್ಣಿಗೆ ಅವು ದೂರ ಹೋದಷ್ಟೂ ಹತ್ತಿರವಾಗಿ ಕಾಣುತ್ತವೆ. ಬಿಂದುಗಳು ತೀರಾ ಹತ್ತಿರವಿದ್ದರೆ ಮುಂದಿನ ಮೂಲೆ ಚೂಪಾಗಿ ಎಳೆದಂತಾಗುತ್ತದೆ. ಇಷ್ಟನ್ನೂ ಅವರೇ ಹೇಳಿದರು! ಇಟಲಿಯಲ್ಲಿ ಆಲ್ಬರ್ಟಿ ಎಂಬ ವಿದ್ವಾಂಸ ಈ ಲೆಕ್ಕವನ್ನು ಬರೆದಿಟ್ಟದ್ದು 1435ರಲ್ಲಿ. ಅದಕ್ಕೂ ಮೊದಲು ಎಷ್ಟೋ ಒಳ್ಳೆಯ ಚಿತ್ರಕಾರರು ಈ ಲೆಕ್ಕವಿಲ್ಲದೆಯೇ ಬರೆದರು. ಕಲಿತೇ ಬರಬೇಕಾದದ್ದು ಎರಡು ತಿಂಗಳಿಗೆ ಬರಲಿಲ್ಲವೆಂದು ಕಣ್ಣನ್ನು ಬೈಯುವುದು ಅನ್ಯಾಯ ಅಲ್ವಾ?

ನಾನು ಕೊಟ್ಟ ಸಲಹೆ ಇದು. ತಿದ್ದಿದ ಹಾಳೆ ಬಂದ ಕೂಡಲೇ ಓದಲೇಬೇಕೆಂದಿಲ್ಲ, ಒಂದು ರಾತ್ರಿ ಕಳೆಯಲಿ. ಓದುವಾಗ ‘ನಾನು’ ಎಂದು ಕೇಳಿಸಿದ ಕಡೆ ‘ಈ ಗೆರೆ’ ಎಂದು ಓದಿ. ಒಪ್ಪಿಸುವ ಮೊದಲು ಸ್ಕೇಲ್ ಹಿಡಿದು ನೀವೇ ಹಸಿರು ಪೆನ್ಸಿಲಿನಲ್ಲಿ ಅಂಚುಗಳನ್ನು ಹಿಂದಕ್ಕೆ ಎಳೆದು ನೋಡಿ. ಜೊತೆಗೆ ಒಂದೇ ಒಂದು ಪ್ರಶ್ನೆ ಬರೆದು ಕೊಡಿ. “ಹೇಗಿದೆ?” ಎಂದು ಕೇಳಬೇಡಿ. ಆ ಪ್ರಶ್ನೆಗೆ ಯಾವ ಉತ್ತರ ಬಂದರೂ ಸದ್ಯಕ್ಕೆ ನಿಮಗೆ ನೋವೇ ಜಾಸ್ತಿ. ಸ್ಲೇಟಿನ ವಿಷಯಕ್ಕೆ ಬೇರೆಯೇ ಸಮಯ ಕೊಡೋಣ ಎಂದೆ.

ಐದನೇ ಭೇಟಿಗೆ ಹೊಸ ಹಾಳೆ ತಂದರು, ಮಡಚದೆ. ಅಂಚಿನಲ್ಲಿ ಬರೆದಿದ್ದರು: “ಮೂರನೇ ಪೆಟ್ಟಿಗೆಯ ಎಡ ಬಿಂದು ಇನ್ನೂ ಹತ್ತಿರವಾಯಿತೇ?” ಅದರ ಕೆಳಗೆ ಕೆಂಪಿನಲ್ಲಿ “ಹೌದು” ಎಂದಿತ್ತು. ಅದನ್ನು ನನಗೆ ತೋರಿಸುವಾಗ ಅವರ ಬೆರಳು ಹಸಿರು ಗೆರೆಯ ಮೇಲಿತ್ತು.