ಸಿ ಡ್ರೈವ್ ತುಂಬಿದೆ, ಜಾಗ ತಿಂದ ಫೈಲ್ ಯಾವುದು ಅಂತ ಹುಡುಕೋದು ಹೇಗೆ?

256 ಜಿಬಿ ಡ್ರೈವ್‌ನಲ್ಲಿ 3 ಜಿಬಿ ಮಾತ್ರ ಉಳಿದಿದೆ, ಮಗಳ ಫೋಟೋ ಅಳಿಸಿದರೂ ಕೆಂಪು ಪಟ್ಟಿ ಹೋಗುತ್ತಿಲ್ಲ ಅಂದಿದ್ದೀರಿ. ಫೋಟೋ ಅಳಿಸೋದನ್ನು ದಯವಿಟ್ಟು ಈಗಲೇ ನಿಲ್ಲಿಸಿ. ಒಂದೊಂದು 5 ಎಂಬಿ ಇದ್ದರೂ ನೂರು ಫೋಟೋಗೆ ಸಿಗೋದು ಅರ್ಧ ಜಿಬಿ. ಅಳಿಸಿದ್ದು ಇನ್ನೂ ರಿಸೈಕಲ್ ಬಿನ್‌ನಲ್ಲಿದ್ದರೆ ಮೊದಲು ರಿಸ್ಟೋರ್ ಮಾಡಿಕೊಳ್ಳಿ.

ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತೇನೆ. ಒಮ್ಮೆ ಸೀಸನ್ ನಡುವೆ ನನಗೂ ಹೀಗೇ ಆಯಿತು. ಸಂಜೆ ಮದುಮಗನ ಮನೆಯವರು ಪೆನ್‌ಡ್ರೈವ್ ಒಯ್ಯಲು ಬರಬೇಕು, ಇಲ್ಲಿ ವಿಡಿಯೋ ಸೇವ್ ಮಾಡಲು ಜಾಗವೇ ಇಲ್ಲ. ಎಕ್ಸ್‌ಪ್ಲೋರರ್‌ನ ಸರ್ಚ್ ಬಾಕ್ಸಿನಲ್ಲಿ ‘ಸೈಜ್:>1ಜಿಬಿ’ ಅಂತ ಹಾಕಿ ಹುಡುಕಿದೆ (ನೀವು ಇಂಗ್ಲಿಷ್ ಅಕ್ಷರದಲ್ಲೇ size:>1GB ಅಂತ ಟೈಪ್ ಮಾಡಬೇಕು, ಅಂದರೆ 1 ಜಿಬಿಗಿಂತ ದೊಡ್ಡ ಫೈಲ್‌ಗಳು). ಸಿಕ್ಕ ಹಳೇ ಫೈಲ್ ತೆಗೆದರೂ 6 ಜಿಬಿಗಿಂತ ಹೆಚ್ಚು ಜಾಗ ಸಿಗಲಿಲ್ಲ. ಅಡಗಿಸಿಟ್ಟ ಫೋಲ್ಡರ್‌ಗಳು ಆ ಹುಡುಕಾಟದಲ್ಲಿ ಸಾಮಾನ್ಯವಾಗಿ ಕಾಣೋದಿಲ್ಲ, ಅದೇ ತೊಂದರೆ.

ಆಮೇಲೆ ಗೆಳೆಯರೊಬ್ಬರು ವಿಜ್‌ಟ್ರೀ (WizTree) ಹಾಕಿಕೊಟ್ಟರು, ಯಾವ ಫೈಲ್ ಎಷ್ಟು ಜಾಗ ತಿಂದಿದೆ ಅಂತ ತೋರಿಸೋ ಸಾಫ್ಟ್‌ವೇರ್ ಇದು. ಸ್ವಂತ ಬಳಕೆಗೆ ಪುಕ್ಕಟೆ. ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿ (ವಿಂಡೋಸ್‌ನ ಸಿ ಡ್ರೈವ್ ಸಾಮಾನ್ಯವಾಗಿ ಈ ಮಾದರಿಯದೇ) ಎಲ್ಲ ಫೈಲ್‌ಗಳ ಲೆಕ್ಕ ಒಂದು ಪಟ್ಟಿಯಲ್ಲಿರುತ್ತದೆ. ಇದು ಆ ಪಟ್ಟಿಯನ್ನೇ ನೇರವಾಗಿ ಓದುತ್ತದೆ, ಹಾಗಾಗಿ ಕೆಲವೇ ಸೆಕೆಂಡ್ ಸಾಕು. ಅಡ್ಮಿನ್ ಆಗಿ ತೆರೆಯಿರಿ (ರೈಟ್ ಕ್ಲಿಕ್ ಮಾಡಿ ‘Run as administrator’ ಒತ್ತಿ). ಕೆಳಗೆ ಬಣ್ಣಬಣ್ಣದ ಚೌಕಗಳು ಬರುತ್ತವೆ: ಫೈಲ್ ದೊಡ್ಡದಾದಷ್ಟು ಚೌಕವೂ ದೊಡ್ಡದು. ನನ್ನ ಪರದೆಯಲ್ಲಿ ಒಂದೇ ಬಣ್ಣದ ಚೌಕಗಳು ಒಂದು ಮೂಲೆ ಪೂರ್ತಿ ಹಿಡಿದು ಕೂತಿದ್ದವು. ಮೌಸ್ ಇಟ್ಟರೆ ಅಡಗಿರೋ ಆಪ್‌ಡೇಟಾ ಫೋಲ್ಡರ್, ಅದರಲ್ಲಿ ಎಡಿಟಿಂಗ್ ಸಾಫ್ಟ್‌ವೇರ್‌ನ ಕ್ಯಾಶ್ (ಕೆಲಸ ಬೇಗ ಆಗಲಿ ಅಂತ ಅದು ಇಟ್ಟುಕೊಳ್ಳೋ ತಾತ್ಕಾಲಿಕ ಫೈಲ್‌ಗಳು), 71 ಜಿಬಿ! ಎರಡು ವರ್ಷದ ಹಿಂದೆ ಕೊಟ್ಟು ಮುಗಿಸಿದ ಮದುವೆಗಳದೂ ಅಲ್ಲೇ ಇತ್ತು. ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್‌ನಿಂದಲೇ ಅದನ್ನು ಖಾಲಿ ಮಾಡಿದೆ.

ಚೌಕ ದೊಡ್ಡದಿದೆ ಅಂತ ಸುಮ್ನೆ ಡಿಲೀಟ್ ಒತ್ತಬೇಡಿ. ವಿಂಡೋಸ್ ಫೋಲ್ಡರ್ ಒಳಗೆ ಕೈ ಹಾಕಲೇಬೇಡಿ. ವಿಂಡೋಸ್ ಡಾಟ್ ಓಲ್ಡ್ ಕಂಡರೆ ಅದು ಹಳೇ ವರ್ಷನ್, ಡಿಸ್ಕ್ ಕ್ಲೀನಪ್‌ನಿಂದ ತೆಗೆಯಬಹುದು. ಹೈಬರ್‌ಫಿಲ್ ಅಂತ ಕೆಲವು ಜಿಬಿಯ ಫೈಲ್ ಇದ್ದರೆ ಅದು ಹೈಬರ್ನೇಟ್‌ದು, ಅಂದರೆ ತೆರೆದಿಟ್ಟ ಕೆಲಸವನ್ನು ಡ್ರೈವ್‌ನಲ್ಲಿ ಉಳಿಸಿ ಕಂಪ್ಯೂಟರ್ ಆಫ್ ಮಾಡೋದಕ್ಕೆ ಬೇಕಾದ ಫೈಲ್. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಅಲ್ವಾ? ನಾನಂತೂ ಅದನ್ನು ಇಟ್ಟುಕೊಂಡಿದ್ದೇನೆ.

ನಿಮ್ಮ ಚೌಕಗಳ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ. ಯಾವುದು ತೆಗೆಯಬಹುದು ಅಂತ ನೋಡಿ ಹೇಳುತ್ತೇನೆ.