ಆನ್‌ಲೈನ್ ವಿದ್ಯಾರ್ಥಿಗಳಿಗೆ ನೆರವಿನ ಪೋರ್ಟಲ್: ಮೊದಲು ಏನು ಕಟ್ಟಬೇಕು?

ನೀವು ಕೇಳಿದ್ದು ಇಷ್ಟು: ಕಾಲೇಜು ಶಿವಮೊಗ್ಗದಲ್ಲಿದೆ, ಆನ್‌ಲೈನ್ ಕೋರ್ಸಿಗೆ ಸೇರಿದ ಸುಮಾರು 600 ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು. ಪಾಠ, ಅಸೈನ್‌ಮೆಂಟ್ ಎಲ್ಲ ಮೂಡಲ್ (Moodle) ಎಂಬ ಕಲಿಕಾ ತಂತ್ರಾಂಶದಲ್ಲಿದೆ, ಉಳಿದ ಕೆಲಸಕ್ಕೆ ಮಾತ್ರ ಕಚೇರಿಗೇ ಬರಬೇಕು. ವೆಬ್‌ನಲ್ಲಿ ಯಾವ ಸೇವೆ ಮೊದಲು ಕೊಡಬೇಕು, ಚಾಟ್‌ಬಾಟ್ ಹಾಕಿದರೆ ಸಾಕೇ?

ಕೋಡ್ ಬರೆಯುವ ಮುಂಚೆ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ಬಂದವರು, ಫೋನ್ ಮಾಡಿದವರು ಕೇಳಿದ್ದನ್ನು ಎರಡು ವಾರ ಅವರ ಮಾತಿನಲ್ಲೇ ಬರೆದುಕೊಳ್ಳಿ. 'ಫೀಸ್ ಕಟ್ಟಿದೀನಿ, ರಸೀದಿ ಬಂದಿಲ್ಲ', 'ಸ್ಟಡಿ ಸರ್ಟಿಫಿಕೇಟ್ ಬೇಕಿತ್ತು', 'ಹಾಲ್ ಟಿಕೆಟ್‌ನಲ್ಲಿ ಹೆಸರು ತಪ್ಪಾಗಿದೆ', 'ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ ನಿಂತಿದೆ' (ಎಸ್‌ಎಸ್‌ಪಿ ಎಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್). ಈ ಸಾಲುಗಳೇ ಪೋರ್ಟಲ್ಲಿನ ಮೆನು. 'ಪರೀಕ್ಷಾ ವಿಭಾಗ', 'ಲೆಕ್ಕಪತ್ರ ವಿಭಾಗ' ಎಂದು ಬರೆದರೆ ಯಾವ ಕೆಲಸ ಯಾರ ಮೇಜಿನದು ಎಂದು ಊಹಿಸುವ ಹೊರೆ ವಿದ್ಯಾರ್ಥಿಯ ಮೇಲೆ ಬೀಳುತ್ತದೆ.

ಪಿಡಿಎಫ್ ಅರ್ಜಿ ಇಳಿಸಿಕೊಂಡು, ಪ್ರಿಂಟ್ ತೆಗೆಸಿ, ಸಹಿ ಹಾಕಿ ತನ್ನಿ ಅನ್ನುವುದನ್ನು ನಾನು ಆನ್‌ಲೈನ್ ಸೇವೆ ಅಂತ ಒಪ್ಪುವುದಿಲ್ಲ. ಹೊಸನಗರದ ಹಳ್ಳಿಯಿಂದ ಬಸ್ಸು ಹಿಡಿದು ಬಂದು ಹೋದರೆ ಒಂದು ದಿನ ಪೂರ್ತಿ ಹೋಯಿತು. ಆ ಬಸ್ ಪ್ರಯಾಣವೇ ಬೇಡವಾಗಬೇಕು, ಅದೇ ಅಳತೆ.

ಸ್ಟಡಿ ಸರ್ಟಿಫಿಕೇಟ್‌ನಿಂದ ಶುರು ಮಾಡಿ. ಅದು ಚಿಕ್ಕದು, ಕೇಳುವವರು ಹೆಚ್ಚು. ವಿದ್ಯಾರ್ಥಿ ರಿಜಿಸ್ಟರ್ ನಂಬರಿನಿಂದ ಒಳಬಂದು ಬಸ್ ಪಾಸಿಗೋ, ಬ್ಯಾಂಕ್ ಸಾಲಕ್ಕೋ, ಸ್ಕಾಲರ್‌ಶಿಪ್ಪಿಗೋ ಅಂತ ಆರಿಸಬೇಕು, ಅಷ್ಟೇ. ಹೆಸರು, ತರಗತಿ, ತಂದೆಯ ಹೆಸರು ಪ್ರವೇಶದ ದಾಖಲೆಯಿಂದಲೇ ಬರಬೇಕು, ಮತ್ತೆ ತುಂಬಿಸಬೇಡಿ. ಸೂಪರಿಂಟೆಂಡೆಂಟ್ ಒಪ್ಪಿದ ಕೂಡಲೇ ಕ್ಯೂಆರ್ ಕೋಡ್ ಇರುವ ಪಿಡಿಎಫ್ ತಯಾರಾಗಲಿ. ಆ ಕೋಡನ್ನು ಬ್ಯಾಂಕಿನವರು ಸ್ಕ್ಯಾನ್ ಮಾಡಿದರೆ ಕಾಲೇಜಿನ ಪುಟದಲ್ಲೇ ಪ್ರಮಾಣಪತ್ರ ಅಸಲಿ ಎಂದು ತೋರಬೇಕು. ಅರ್ಜಿಯ ಸ್ಥಿತಿಗೆ ನಾಲ್ಕೇ ಮಾತು ಸಾಕು: ಬಂದಿದೆ, ನೋಡುತ್ತಿದ್ದೇವೆ, ನಿಮ್ಮಿಂದ ದಾಖಲೆ ಬೇಕು, ಸಿದ್ಧ. ಪ್ರತಿಯೊಂದರ ಪಕ್ಕ ತಾರೀಖು ಇರಲಿ. ಅರ್ಜಿ ನೋಡುವ ಕೇಸ್ ವರ್ಕರ್ ರಜೆ ಹಾಕಿದರೆ ಎರಡು ಕೆಲಸದ ದಿನಗಳ ನಂತರ ಅರ್ಜಿ ತಾನಾಗಿ ಮುಂದಿನವರ ಪಟ್ಟಿಗೆ ಹೋಗಬೇಕು. ಪೋರ್ಟಲ್‌ಗಳು ಕೆಡುವುದು ಇಲ್ಲೇ. ಮುಂದೆ ಚೆಂದದ ಪುಟ, ಹಿಂದೆ ಯಾರೂ ತೆರೆಯದ ಒಂದು ಇಮೇಲ್ ಪೆಟ್ಟಿಗೆ.

ಇನ್ನು ನೆಟ್‌ವರ್ಕ್. ಆರಿದ್ರಾದಿಂದ ಪುಷ್ಯ ಮಳೆಯವರೆಗೆ ಮರ ಬಿದ್ದು ಲೈನ್ ಹರಿಯುತ್ತದೆ, ಕರೆಂಟು ಬರದಿದ್ದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಸೆಕೆಂಡಿಗೆ 100 ಕಿಲೋಬಿಟ್ ಸಿಗುವ ಕಡೆ 2 ಎಂಬಿ ಪುಟ ತೆರೆಯಲು 160 ಸೆಕೆಂಡ್ ಬೇಕು, 150 ಕೆಬಿ ಪುಟಕ್ಕೆ 12 ಸೆಕೆಂಡ್. ಮುಖಪುಟದಿಂದ ಕಟ್ಟಡದ ಫೋಟೊ, ಓಡುವ ಚಿತ್ರಗಳನ್ನು ತೆಗೆದರೆ 150 ಕೆಬಿಯೊಳಗೆ ಉಳಿಯುವುದು ಕಷ್ಟವಲ್ಲ. ಅರ್ಜಿ ತುಂಬುತ್ತಿರುವಾಗ ಪ್ರತಿ ಉತ್ತರವೂ ಫೋನಿನ ಬ್ರೌಸರಿನಲ್ಲೇ ಉಳಿಯಬೇಕು, ಸಿಗ್ನಲ್ ಹೋಗಿ ಬಂದಾಗ ಅಲ್ಲಿಂದಲೇ ಮುಂದುವರಿಯಬೇಕು. ಮಾರ್ಕ್ಸ್ ಕಾರ್ಡ್ ಫೋಟೊ 4 ಎಂಬಿ ಇರುತ್ತದೆ, ಕಳುಹಿಸುವ ಮುಂಚೆಯೇ ಬ್ರೌಸರಿನಲ್ಲಿ 300 ಕೆಬಿಗೆ ಇಳಿಸಿ, ಆದರೆ ಅಂಕಗಳು ಓದಲು ಬರುತ್ತವೆಯೇ ಅಂತ ವಿದ್ಯಾರ್ಥಿಗೇ ತೋರಿಸಿ. ಓಟಿಪಿಯನ್ನು ಪ್ರತಿ ಸಲ ಕೇಳಬೇಡಿ. ಮನೆಯಲ್ಲಿ ಒಂದು ಕಂಪನಿಯ ಇಂಟರ್ನೆಟ್, ಮೆಸೇಜು ಬರಬೇಕಾದ ಸಿಮ್ಮಿಗೆ ಗುಡ್ಡದ ಮೇಲೆ ಮಾತ್ರ ಸಿಗ್ನಲ್, ಹೀಗಿರುವವರು ಬಹಳ. ಹೊಸ ಫೋನಿನಿಂದ ಬಂದಾಗ ಒಮ್ಮೆ ಕೇಳಿದರೆ ಸಾಕು.

ಫೀಸ್ ಪಾವತಿಯಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಹಣ ಕಡಿತವಾದ ಮೇಲೆ ಫೋನು ಬ್ಯಾಂಕಿನ ಪುಟದಿಂದ ನಿಮ್ಮ ಪುಟಕ್ಕೆ ವಾಪಸು ಬರಬೇಕು. ಆ ಕ್ಷಣದಲ್ಲಿ ಸಿಗ್ನಲ್ ಹೋದರೆ ಪೋರ್ಟಲ್ 'ವಿಫಲ' ಅನ್ನುತ್ತದೆ, ಹೆದರಿದ ವಿದ್ಯಾರ್ಥಿ ಇನ್ನೊಮ್ಮೆ ಕಟ್ಟುತ್ತಾನೆ. ಆದ್ದರಿಂದ ಫೋನ್ ತರುವ ಉತ್ತರವನ್ನೇ ನಂಬಿ ಕೂರಬೇಡಿ. ಬ್ಯಾಂಕಿಗೂ ನಿಮಗೂ ನಡುವೆ ಪಾವತಿ ನಡೆಸಿಕೊಡುವ ಗೇಟ್‌ವೇಯ ಸರ್ವರ್ ನೇರ ನಿಮ್ಮ ಸರ್ವರಿಗೆ ತಿಳಿಸುವ ವೆಬ್‌ಹುಕ್ ಹಾಕಿ, ಜೊತೆಗೆ ತೀರ್ಮಾನವಾಗದ ಪಾವತಿಗಳನ್ನು 15 ನಿಮಿಷಕ್ಕೊಮ್ಮೆ ಗೇಟ್‌ವೇಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ 'ಖಚಿತಪಡಿಸಿಕೊಳ್ಳುತ್ತಿದ್ದೇವೆ, ಮತ್ತೆ ಕಟ್ಟಬೇಡಿ' ಎಂದು ತೋರಿಸಿ, ಪಾವತಿಯ ಬಟನ್ ಮುಚ್ಚಿಡಿ.

ಕನ್ನಡದ ಕೆಲಸವನ್ನು ಕೊನೆಗೆ ದೂಡಬೇಡಿ. ಕಚೇರಿಯ ಹಳೆಯ ಕಡತಗಳು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿದ್ದರೆ ವೆಬ್‌ಗೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಯೂನಿಕೋಡಿಗೆ ಬದಲಿಸಿ, ಆಮೇಲೆ ಹೆಸರುಗಳನ್ನು ಒಬ್ಬರು ಕೂತು ಓದಲೇಬೇಕು. ಅರ್ಕಾವೊತ್ತು, ಒತ್ತಕ್ಷರ ಇದ್ದಲ್ಲಿ ತಪ್ಪು ನುಸುಳುತ್ತದೆ. ಪಿಡಿಎಫ್ ತಯಾರಿಸುವ ಕೆಲವು ಸಿದ್ಧ ಕೋಡ್ ಲೈಬ್ರರಿಗಳಿಗೆ ಒತ್ತು ಕೂಡಿಸಲು ಬರುವುದಿಲ್ಲ, 'ಶಿವಮೊಗ್ಗ' ಹೋಗಿ 'ಶಿವಮೊಗ್‌ಗ' ಆಗುತ್ತದೆ. ಸರ್ವರಿನಲ್ಲಿ ಕ್ರೋಮ್ ಬ್ರೌಸರ್ ಓಡಿಸಿ ಅದರಿಂದಲೇ ಪಿಡಿಎಫ್ ಮಾಡಿಸಿದರೆ ಈ ತೊಂದರೆ ಇಲ್ಲ. ಕನ್ನಡ ಎಸ್‌ಎಂಎಸ್ ಒಂದಕ್ಕೆ 70 ಚಿಹ್ನೆಗಳ ಮಿತಿ, ಇಂಗ್ಲಿಷಿಗೆ 160. ಕಣ್ಣಿಗೆ ನಾಲ್ಕೇ ಅಕ್ಷರವಾಗಿ ಕಾಣುವ 'ಶಿವಮೊಗ್ಗ' ಗುಣಿತ, ಒತ್ತುಗಳನ್ನೂ ಬೇರೆಯಾಗಿ ಎಣಿಸುವ ಈ ಲೆಕ್ಕದಲ್ಲಿ 8. ಮಿತಿ ಮೀರಿದರೆ ಎರಡು ಮೆಸೇಜಿನ ದುಡ್ಡು. ಸಂಸ್ಥೆಗಳು ಕಳುಹಿಸುವ ಮೆಸೇಜಿನ ಮಾದರಿಗಳನ್ನು ನೋಂದಾಯಿಸುವ ಟೆಲಿಕಾಂ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಟೆಂಪ್ಲೇಟ್ ನೋಂದಾಯಿಸದಿದ್ದರೆ ಮೆಸೇಜು ಹೋಗುವುದೇ ಇಲ್ಲ, ಇದನ್ನು ಮೊದಲೇ ಮುಗಿಸಿ.

ಆಪ್ತಸಮಾಲೋಚನೆಗೆ ವಿಡಿಯೊ ಕಡ್ಡಾಯ ಮಾಡಬೇಡಿ. ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಇರುವಾಗ ಹುಡುಗಿ ಕ್ಯಾಮೆರಾ ಮುಂದೆ ಏನು ಹೇಳಿಯಾಳು? ವಿದ್ಯಾರ್ಥಿಯೇ ಸಮಯ ಆರಿಸಲಿ, ಆ ಹೊತ್ತಿಗೆ ಕಾಲೇಜಿನಿಂದ ಫೋನ್ ಹೋಗಲಿ. ಆ ಮಾತುಕತೆಯ ಟಿಪ್ಪಣಿಗಳು ಕೇಸ್ ವರ್ಕರ್‌ಗಳಿಗೆ ಕಾಣಬಾರದು, ಬೇರೆ ಡೇಟಾಬೇಸ್, ಬೇರೆ ಲಾಗಿನ್. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಪ್ರತಿ ಪುಟದ ಕೆಳಗೂ ಇರಲಿ, ಒತ್ತಿದರೆ ಕರೆ ಹೋಗಬೇಕು.

ಚಾಟ್‌ಬಾಟ್ ಈಗ ಬೇಡ. ನೋಟ್‌ಬುಕ್ಕಿನ ಪ್ರಶ್ನೆಗಳಲ್ಲಿ ಪದೇ ಪದೇ ಬರುವ 40ಕ್ಕೆ ಸರಳ ಕನ್ನಡದಲ್ಲಿ ಉತ್ತರ ಬರೆದು, ಪ್ರತಿ ಉತ್ತರಕ್ಕೂ ಜವಾಬ್ದಾರರೊಬ್ಬರನ್ನು ನೇಮಿಸಿ. ಪ್ರತಿ ಸೆಮಿಸ್ಟರ್ ಶುರುವಿಗೆ ಅವರು ತಾರೀಖು, ಶುಲ್ಕ ಪರಿಶೀಲಿಸಿ ಸಹಿ ಹಾಕಲಿ. ಆ 40 ಉತ್ತರಗಳಿಲ್ಲದೆ ಹಾಕಿದ ಬಾಟ್ ಕಳೆದ ವರ್ಷದ ಕೊನೆಯ ದಿನಾಂಕವನ್ನೇ ಹೇಳುತ್ತದೆ, ಅದನ್ನು ನಂಬಿದವರ ಪರೀಕ್ಷೆ ತಪ್ಪುತ್ತದೆ.