ಗೊಟಗೋಡಿಯ ರಾಕ್ ಗಾರ್ಡನ್ನಿಗೆ ಹೋಗಬೇಕೇ? ಹೋಗಿ, ನಿಮ್ಮ ಅತ್ತೆಯವರನ್ನು ಮಾತ್ರ ಬಿಟ್ಟು ಹೋಗಬೇಡಿ

ನಿಮ್ಮ ಪ್ರಶ್ನೆ ಇದು: ಬೆಂಗಳೂರಿನಿಂದ ಕಾರಿನಲ್ಲಿ ಹುಬ್ಬಳ್ಳಿಯ ಸಂಬಂಧಿಕರ ಮನೆಗೆ ಬರುತ್ತಿದ್ದೀರಿ, ಜೊತೆಗೆ ಹೆಂಡತಿ, ಎಂಟು ವರ್ಷದ ಮಗಳು, ಅತ್ತೆ. ದಾರಿಯಲ್ಲಿ ಸಿಗುವ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡಬೇಕೆಂಬ ಆಸೆ. ಆದರೆ ಆಫೀಸಿನಲ್ಲಿ ಯಾರೋ "ಅಲ್ಲೇನಿದೆ, ಬರೇ ಸಿಮೆಂಟ್ ಗೊಂಬೆ" ಅಂದಿದ್ದಾರೆ. ಅರ್ಧ ದಿನ ಕೊಡುವಷ್ಟು ಇದೆಯೇ, ಅಥವಾ ಅತ್ತೆಯವರನ್ನು ಮನೆಯಲ್ಲಿ ಇಳಿಸಿ ಮೂವರೇ ಒಂದು ತಾಸು ಹೋಗಿ ಬಂದರೆ ಸಾಕೇ?

ನಾನು ಹುಬ್ಬಳ್ಳಿಯವನು. ಆ ತೋಟಕ್ಕೆ ಎರಡು ಸಲ ಹೋಗಿದ್ದೇನೆ, ಎರಡೂ ಸಲ ಬೇರೆ ಬೇರೆ ಜಾಗಕ್ಕೆ ಹೋಗಿ ಬಂದ ಹಾಗಿತ್ತು. ಮೊದಲನೇ ಸಲ ಗೆಳೆಯರ ಜೊತೆ, ಮೇ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ. ಅದು ನನ್ನದೇ ಮೂರ್ಖತನ, ತೋಟದವರದ್ದೇನೂ ತಪ್ಪಿಲ್ಲ. ನೆರಳಿದ್ದಲ್ಲಿ ನಿಂತೆವು, ನೆರಳಿಲ್ಲದಲ್ಲಿ ಓಡಿದೆವು. ಸಿಮೆಂಟಿನ ಎತ್ತಿನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳಲು ಹೋದವನು ಕೈ ಸುಟ್ಟುಕೊಂಡ. ನಲವತ್ತು ನಿಮಿಷಕ್ಕೆ ಹೊರಗೆ. ಅವತ್ತು ನೀವು ನನ್ನನ್ನು ಕೇಳಿದ್ದರೆ ನಿಮ್ಮ ಆಫೀಸಿನವರ ಮಾತನ್ನೇ ನಾನೂ ಹೇಳುತ್ತಿದ್ದೆ.

ಎರಡನೇ ಸಲ ನಮ್ಮ ದೊಡ್ಡವ್ವ ಜೊತೆಗಿದ್ದಳು. ವಯಸ್ಸು ಎಪ್ಪತ್ತೆಂಟು, ನವಲಗುಂದದ ಕಡೆಯ ಎರಿ (ಕಪ್ಪು ಮಣ್ಣಿನ) ಸೀಮೆಯವಳು. ಮೊಣಕಾಲು ನೋವು, ಹಾಗಾಗಿ "ನಾ ಗಾಡ್ಯಾಗ ಕುಂತಿರ್ತೇನಿ, ನೀವು ನೋಡಿ ಬರ್ರಿ" ಅಂದಳು. ಬಾಗಿಲತನಕವಾದರೂ ಬಾ ಅಂತ ಎಬ್ಬಿಸಿದೆವು. ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋದವಳನ್ನು ಎರಡು ಗಂಟೆಗೆ ಹೊರಗೆ ತರುವಷ್ಟರಲ್ಲಿ ನಾವೇ ಸುಸ್ತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೆಸರಿನಿಂದ ಮೋಸ ಹೋಗಬೇಡಿ. ರಾಕ್ ಗಾರ್ಡನ್ ಅಂದರೆ ಎಲ್ಲರಿಗೂ ಚಂಡೀಗಢದ್ದು ನೆನಪಾಗುತ್ತದೆ. ಅದು ನೇಕ್ ಚಂದ್ ಎಂಬ ರಸ್ತೆ ಇನ್ಸ್‌ಪೆಕ್ಟರ್ ಒಡೆದ ಬಳೆ, ಪಿಂಗಾಣಿ ಚೂರು ಕೂಡಿಸಿ ಕದ್ದುಮುಚ್ಚಿ ಕಟ್ಟಿ, 1976ರಲ್ಲಿ ಜನರಿಗೆ ತೆರೆದ ಜಾಗ. ಗೊಟಗೋಡಿಯದು ಆ ಜಾತಿಯದ್ದೇ ಅಲ್ಲ. ಇಲ್ಲಿರುವುದು ಉತ್ತರ ಕರ್ನಾಟಕದ ಒಂದು ಹಳ್ಳಿ, ಆಳೆತ್ತರದ ಜನ, ದನ, ಮನೆ, ಕಸುಬು ಸಮೇತ. ಕಮ್ಮಾರ, ಬಡಿಗ, ಕುಂಬಾರ, ನೇಕಾರ, ರೊಟ್ಟಿ ಬಡಿಯುವವಳು, ಗೌಡರ ವಾಡೆ, ದನದ ಹಿಂಡು. ಡಾ. ರಾಜಕುಮಾರ್ ಪಾತ್ರಗಳ ಶಿಲ್ಪಗಳೂ ಇವೆ. ಜನ ಅಲ್ಲೇ ಹೆಚ್ಚು ಹೊತ್ತು ನಿಂತು ಸೆಲ್ಫಿ ತೆಗೆಯುತ್ತಾರೆ, ಅದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಇದನ್ನು ಕಟ್ಟಿದವರು ಕಲಾವಿದ ಟಿ.ಬಿ. ಸೊಲಬಕ್ಕನವರ. 2020ರಲ್ಲಿ ತೀರಿಕೊಂಡರು. ಅವರು ಶಿಲ್ಪಿ, ಚಿತ್ರಕಾರ ಅಷ್ಟೇ ಆಗಿರಲಿಲ್ಲ, ಉತ್ತರ ಕರ್ನಾಟಕದ ಬಯಲಾಟವಾದ ದೊಡ್ಡಾಟಕ್ಕೆ ಹೊಸ ಜೀವ ಕೊಟ್ಟವರು. ಇದು ತಿಳಿದಿದ್ದರೆ ತೋಟ ಬೇರೆ ರೀತಿ ಕಾಣುತ್ತದೆ. ದೊಡ್ಡಾಟದಲ್ಲಿ ಪಾತ್ರಧಾರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಬಂದರೆ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕುಳಿತವನಿಗೂ ಗೊತ್ತಾಗಬೇಕು, ಇವನು ಯಾರು, ಸಿಟ್ಟಿನಲ್ಲಿದ್ದಾನೋ ಸಂಕಟದಲ್ಲಿದ್ದಾನೋ ಅಂತ. ಅದೇ ಲೆಕ್ಕ ಇಲ್ಲಿಯ ಗೊಂಬೆಗಳಲ್ಲಿದೆ. ಕೈ ಎತ್ತಿದರೆ ಪೂರಾ ಎತ್ತಿರುತ್ತಾರೆ, ಬಾಗಿದರೆ ನಡುವಿನಿಂದ ಬಾಗಿರುತ್ತಾರೆ. ಮ್ಯೂಸಿಯಂನ ಮೇಣದ ಗೊಂಬೆಯ ಹಾಗೆ ಸುಮ್ಮನೆ ನಿಂತವರು ಕಡಿಮೆ. ಕಲಾಶಾಲೆಯಲ್ಲಿ ಓದಿದ ನನ್ನ ಗೆಳೆಯನೊಬ್ಬ ಇದನ್ನು "ಅತಿಯಾಯ್ತು" ಅನ್ನುತ್ತಾನೆ. ನನಗೆ ಹಾಗನ್ನಿಸಲಿಲ್ಲ. ಬಯಲಾಟದ ದನಿ ಎತ್ತರದಲ್ಲೇ ಇರುತ್ತದೆ.

ಈಗ ದೊಡ್ಡವ್ವ. ಅವಳು ಒಂದು ಗೊಂಬೆಯನ್ನೂ "ಚೆಂದ ಐತಿ" ಅನ್ನಲಿಲ್ಲ. ಪರೀಕ್ಷೆ ತೆಗೆದುಕೊಂಡಳು. ರೊಟ್ಟಿ ಬಡಿಯುವವಳ ಮುಂದೆ ನಿಂತು ಮೊದಲು ನೋಡಿದ್ದು ಅಂಗೈ. "ಬೆರಳು ಬಿಚ್ಚಿ ಬಡೀಬೇಕು, ಕೂಡಿಸಿ ಬಡದ್ರ ರೊಟ್ಟಿ ತಿರಗೂದಿಲ್ಲ." ಆಮೇಲೆ ಮುಂದೆ ಹೋಗಿ, ಕಮ್ಮಾರನ ಹತ್ತಿರ ತಿದಿ ಒತ್ತುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ ಆಗಿರುತ್ತಿದ್ದರು ಅಂತ ಶುರುಮಾಡಿ, ತನ್ನ ಊರಿನ ಕಮ್ಮಾರನ ಹೆಂಡತಿಯ ಕಥೆ ಅರ್ಧ ತಾಸು. ಮನೆಗಳನ್ನು ನೋಡಿ ಒಂದು ತಕರಾರು: "ಇದು ಮಸಾರಿ ಸೀಮಿ ಹಳ್ಳಿ, ನಮ್ದಲ್ಲ. ನಮ್ಮ ಕಡೆ ಮಾಳಿಗಿ ಮನಿ, ಮ್ಯಾಲ ಬೆಳಕಿಂಡಿ." ಮಸಾರಿ ಅಂದರೆ ಕೆಂಪು ಮಣ್ಣು. ಅವಳ ಮಾತು ನಿಜವೇ. ಮಳೆ ಕಡಿಮೆಯ ನವಲಗುಂದ, ನರಗುಂದ ಸೀಮೆಯಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆ. ಶಿಗ್ಗಾವಿ, ಹಾನಗಲ್ಲು ಮಲೆನಾಡಿನ ಸೆರಗು, ಅಲ್ಲಿ ಇಳಿಜಾರು ಹೆಂಚು. ಅರವತ್ತೆಪ್ಪತ್ತು ಕಿಲೋಮೀಟರಿನಲ್ಲಿ ಮನೆಯ ತಲೆಯೇ ಬದಲಾಗುತ್ತದೆ ಅನ್ನುವುದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಕಾಳಿನ ಮಾತು ಬಂದಾಗ ಹಗೇವಿನ ಕಥೆ ಬಂತು. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಅದರ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲವಂತೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು, ಆರಿಹೋದರೆ ಇನ್ನೂ ಗಾಳಿ ಆಡಲಿ ಅಂತ ಬಿಟ್ಟು ಬರುವುದು. ಮುಚ್ಚಿದ ಕಾಳೂ ಉಸಿರಾಡುತ್ತದೆ, ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ದೀಪ ಉರಿಯದ ಕಡೆ ಮನುಷ್ಯನ ಜೀವಕ್ಕೂ ಅಪಾಯ. ನನ್ನ ಮಗ ವಿಜ್ಞಾನದ ಪುಸ್ತಕದಲ್ಲಿ ಇದನ್ನು ಓದಿದ್ದ, ದೊಡ್ಡವ್ವ ಇದರಿಂದ ಸತ್ತವನೊಬ್ಬನ ಮಣ್ಣಿಗೆ ಹೋಗಿ ಬಂದಿದ್ದಳು. ಇಬ್ಬರೂ ಒಂದೇ ವಿಷಯ ಮಾತಾಡುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಹೀಗಾಗಿ ನಿಮ್ಮ ಅತ್ತೆಯವರನ್ನು ಮನೆಯಲ್ಲಿ ಇಳಿಸಿ ಹೋಗುವ ಆಲೋಚನೆ ಬಿಡಿ. ಅವರು ಹಳ್ಳಿಯಲ್ಲಿ ಬೆಳೆದವರಾದರೆ ಈ ತೋಟದ ಅರ್ಧ ಅವರ ಬಾಯಲ್ಲಿದೆ. ಮಂಡ್ಯ ಕಡೆಯವರಾದರೂ ಪರವಾಗಿಲ್ಲ, "ನಮ್ಮ ಕಡೆ ಹೀಗಲ್ಲ" ಅನ್ನುವುದರಿಂದಲೇ ಮಾತು ಶುರುವಾಗುತ್ತದೆ.

"ಸಿಮೆಂಟ್ ಗೊಂಬೆ" ಅನ್ನುವ ಮಾತಿಗೆ ಬರುತ್ತೇನೆ. ಹೌದು, ಸಿಮೆಂಟೇ. ಇಂಥ ಶಿಲ್ಪಕ್ಕೆ ಕಬ್ಬಿಣದ ಸರಳು ಬಗ್ಗಿಸಿ ಎಲುಬಿನ ಗೂಡು ಕಟ್ಟುತ್ತಾರೆ, ಅದಕ್ಕೆ ತಂತಿ ಜಾಳಿಗೆ ಸುತ್ತಿ ಪದರ ಪದರವಾಗಿ ಗಾರೆ ಹತ್ತಿಸುತ್ತಾರೆ. ಗಾರೆ ಹಸಿಯಿರುವಾಗಲೇ ಮುಖದ ಸುಕ್ಕು, ಸೀರೆಯ ನಿರಿಗೆ, ರುಮಾಲಿನ ಸುತ್ತು ಮೂಡಬೇಕು. ಬಿಗಿದ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಆಮೇಲೆ ದಿನಗಟ್ಟಲೆ ನೀರು ಹೊಡೆಯಬೇಕು. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ, ನಿಜದಲ್ಲಿ ಅದು ನೀರು ಕುಡಿದು ಗಟ್ಟಿಯಾಗುವ ವಸ್ತು. ಎಲ್ಲೋ ಬಿರುಕು ಬಿಟ್ಟು ಒಳಗಿನ ಸರಳಿಗೆ ನೀರು ಮುಟ್ಟಿತೋ, ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಗಾರೆಯನ್ನೇ ಒಡೆಯುತ್ತದೆ. ಅದಕ್ಕೇ ಇಂಥ ಜಾಗದಲ್ಲಿ ಮತ್ತೆ ಮತ್ತೆ ಬಣ್ಣ ಬಳಿಯಲೇಬೇಕು. ಬಣ್ಣ ಕಣ್ಣಿಗೆ ಹೊಡೆಯುತ್ತದೆ ಅಂತ ನಾನೂ ಗೊಣಗಿದ್ದೆ, ಆದರೆ ಗೊಂಬೆಗೆ ಕೊಡೆಯೂ ಅದೇ.

ನೀರಿನ ಈ ಮಾತು ನನ್ನ ತಲೆಯಲ್ಲಿ ಯಾಕೆ ಉಳಿಯಿತೆಂದರೆ, ನಮ್ಮ ಕಡೆಯ ಹಬ್ಬದ ಮಣ್ಣಿನ ಮೂರ್ತಿಗಳು ಯಾವುವೂ ನಿಲ್ಲಲಿಕ್ಕೆ ಹುಟ್ಟಿದವಲ್ಲ. ಜೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ. ಮನೆಮನೆಯಲ್ಲಿ ಹಸಿಮಣ್ಣಿನ ಎತ್ತು, ಅವಕ್ಕೊಂದು ಗ್ವಾದಲಿ (ಮೇವಿನ ತೊಟ್ಟಿ) ಮಾಡಿ ಪೂಜಿಸುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಅವಳೂ ಮಣ್ಣು, ಗುಲಗಂಜಿಯ ಅಲಂಕಾರ. ಭಾದ್ರಪದದಲ್ಲಿ ಗಣಪ್ಪ ಹೋದ ಮೇಲೆ ಜೋಕುಮಾರ, ಬೇವಿನೆಲೆಯ ಬುಟ್ಟಿಯಲ್ಲಿ ಕುಳಿತು ಮನೆಮನೆ ತಿರುಗುತ್ತಾನೆ, ಆಯುಷ್ಯ ಹುಣ್ಣಿಮೆಯ ತನಕ. ಆಮೇಲೆ ಸಾಯಲೇಬೇಕು, ಸತ್ತರೇ ಮಳೆ ಬೆಳೆ ಅನ್ನುವ ನಂಬಿಕೆ. ಎಲ್ಲರೂ ಬಂದು, ಹಾಡಿಸಿಕೊಂಡು, ಕರಗಿ ಹೋಗುವವರು. ಮುಂದಿನ ವರ್ಷಕ್ಕೆ ಹೊಸ ಮಣ್ಣು, ಹೊಸ ಕೈ. ಮಾಡುವುದು ಗೊತ್ತಿದ್ದವರು ಇರುವ ತನಕ ಕರಗಿದರೂ ಚಿಂತೆಯಿರಲಿಲ್ಲ. ಸೊಲಬಕ್ಕನವರು ಕರಗದ ವಸ್ತುವನ್ನು ಹಿಡಿದಿದ್ದನ್ನು ನೋಡಿದರೆ, ಇನ್ನು ಮುಂದೆ ಆ ಕೈಗಳು ಇರುತ್ತವೋ ಇಲ್ಲವೋ ಎಂಬ ಅನುಮಾನ ಅವರಿಗೆ ಬಂದಿತ್ತು ಅನ್ನಿಸುತ್ತದೆ. ಇದು ನನ್ನ ಊಹೆ, ಅವರು ಹೇಳಿದ್ದಲ್ಲ.

ನನಗೆ ಸೇರದ್ದೂ ಇದೆ. ಈ ಹಳ್ಳಿ ಬಹಳ ಸ್ವಚ್ಛ. ನೊಣವಿಲ್ಲ, ಸಗಣಿ ವಾಸನೆಯಿಲ್ಲ, ಸಾಲಗಾರನಿಲ್ಲ. ಎಲ್ಲರಿಗೂ ಕೆಲಸವಿದೆ, ಎಲ್ಲರ ಮೈಯಲ್ಲೂ ತಾಕತ್ತಿದೆ. ಬರಗಾಲದ ವರ್ಷದ ಹಳ್ಳಿಯನ್ನು ಯಾರೂ ಸಿಮೆಂಟಿನಲ್ಲಿ ಮಾಡುವುದಿಲ್ಲ. ಯಾರ ಮನೆ ಊರೊಳಗೆ, ಯಾರದ್ದು ಊರ ಹೊರಗೆ ಎಂಬುದೂ ಇಲ್ಲಿ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ನಿಮ್ಮ ಮಗಳು ಇದನ್ನೇ ಹಳ್ಳಿ ಅಂದುಕೊಂಡುಬಿಟ್ಟರೆ ತಿದ್ದುವ ಕೆಲಸ ನಿಮ್ಮದು.

ಇನ್ನು ವ್ಯವಹಾರದ ಮಾತು. ನೀವು ರಾಷ್ಟ್ರೀಯ ಹೆದ್ದಾರಿ 48ರಲ್ಲೇ ಬರುತ್ತೀರಿ. ಹಾವೇರಿ, ಬಂಕಾಪುರ, ಶಿಗ್ಗಾವಿ ದಾಟಿದ ಮೇಲೆ ಹುಬ್ಬಳ್ಳಿ ಇನ್ನೂ ಮೂವತ್ತು ಚಿಲ್ಲರೆ ಕಿಲೋಮೀಟರ್ ಇರುವಾಗ ಗೊಟಗೋಡಿ. ತಡಸ ಕ್ರಾಸ್ ಬಂತೆಂದರೆ ದಾಟಿ ಬಂದಿದ್ದೀರಿ. ಟಿಕೆಟ್ ಇದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಇಲ್ಲವೇ ನಾಲ್ಕರ ಮೇಲೆ. ಬೆಂಗಳೂರು ಬೇಗ ಬಿಟ್ಟರೆ ಸಂಜೆಯ ಹೊತ್ತು ಸರಿಹೋದೀತು, ಆದರೆ ಆರೇಳು ತಾಸು ಕಾರಿನಲ್ಲಿ ಕುಳಿತು ಬಂದ ಅತ್ತೆಯವರನ್ನು ನೇರವಾಗಿ ಅಲ್ಲಿ ನಡೆಸಬೇಡಿ. ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ಮಲಗಿ ಮರುದಿನ ಬೆಳಿಗ್ಗೆ ಬನ್ನಿ. ಚಳಿಗಾಲದಲ್ಲಿ ಶಾಲೆಯ ಪ್ರವಾಸದ ಬಸ್ಸುಗಳು ಸಾಲಾಗಿ ಬಂದು ನಿಲ್ಲುತ್ತವೆ. ಒಂದು ಬಸ್ಸು ಮುಂದೆ ಹೋಗಲಿ ಅಂತ ಹತ್ತು ನಿಮಿಷ ಕೂತರೆ ಒಳಗೆ ಸಮಾಧಾನ ಇರುತ್ತದೆ. ಮೂರು ತಾಸು ಇಟ್ಟುಕೊಳ್ಳಿ, ಟೋಪಿ, ನೀರು ಮರೆಯಬೇಡಿ.

ಪಕ್ಕದಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ, 2011ರ ಕಾಯ್ದೆಯಿಂದ ಹುಟ್ಟಿದ್ದು. ಜನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಹೆದ್ದಾರಿಯ ಬದಿಯ ಹಳ್ಳಿಯಲ್ಲಿ ಇರುವುದು ನನಗೆ ಖುಷಿಯ ವಿಷಯ.

ದಿನ ಪೂರ್ತಿ ಇದ್ದರೆ ಇನ್ನೊಂದೇ ಜಾಗ ಸೇರಿಸಿ, ಎಲ್ಲವನ್ನೂ ತುರುಕಬೇಡಿ. ಇದೇ ಶಿಗ್ಗಾವಿ ತಾಲ್ಲೂಕಿನಲ್ಲಿ ಶಿಶುನಾಳವಿದೆ, ಷರೀಫರ (1819–1889) ಗದ್ದುಗೆಗೆ ಎರಡೂ ಧರ್ಮದವರು ಕಾಯಿ ಒಡೆಸುತ್ತಾರೆ, ಸಕ್ಕರೆ ಓದಿಸುತ್ತಾರೆ. ಕನಕದಾಸರು ಹುಟ್ಟಿದ ಬಾಡವೂ ಇಲ್ಲೇ. ಮಗುವಿನ ಮೇಲೆ ಕರುಣೆಯಿದ್ದರೆ ಬಂಕಾಪುರ: ಹಳೆಯ ಕೋಟೆಯೊಳಗೆ ನವಿಲುಧಾಮ (2006ರಲ್ಲಿ ಘೋಷಣೆಯಾಯಿತು), ಅಲ್ಲೇ ಅರವತ್ತು ಕಂಬದ ಗುಡಿ ಅಂತ ಜನ ಕರೆಯುವ ನಗರೇಶ್ವರ ದೇವಸ್ಥಾನ. ಬೆಳಿಗ್ಗೆ ಸಿಮೆಂಟಿನ ಕೆಲಸ ನೋಡಿ ಮಧ್ಯಾಹ್ನ ಆ ಕಲ್ಲಿನ ಕಂಬಗಳ ನುಣುಪು ಸವರಿದರೆ, ಒಂದೇ ದಿನದಲ್ಲಿ ಎರಡು ಕಾಲದ ಕೈ ಮುಟ್ಟಿದಂತೆ.

ಹುಬ್ಬಳ್ಳಿಯಲ್ಲಿ ಸಿಗ್ನಲ್‌ಗೆ ಸಿಕ್ಕಿಹಾಕಿಕೊಂಡಾಗ ಚೆನ್ನಮ್ಮ ಸರ್ಕಲ್‌ನಲ್ಲಿ ಮಗಳಿಗೆ ಕುದುರೆಯ ಮೇಲಿನ ರಾಣಿಯನ್ನು ತೋರಿಸಿ. 1824ರ ಕಿತ್ತೂರಿನ ಯುದ್ಧ ಪಠ್ಯಪುಸ್ತಕಕ್ಕೆ ಬರುವ ಎಷ್ಟೋ ಮೊದಲೇ ಲಾವಣಿಯ ಬಾಯಲ್ಲಿ ಊರೂರು ತಿರುಗಿತ್ತು. ನಾವು ಹುಬ್ಬಳ್ಳಿಯವರು ದಿನಾ ಆ ಮೂರ್ತಿಯನ್ನು ಸುತ್ತುತ್ತೇವೆ, ತಲೆಯೆತ್ತಿ ನೋಡುವುದು ಕಡಿಮೆ.

ಕೊನೆಗೊಂದು ಕೆಲಸ ನಿಮ್ಮ ಮಗಳಿಗೆ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ನಮ್ಮ ಕಡೆ ಹುಡುಗರು ಒಂದು ಕಾಲು ಮುರಿದ ಮಣ್ಣೆತ್ತನ್ನು ಹಿಡಿದು, ಕುಂಟೆತ್ತು ಬಂದಿದೆ ಅಂತ ಹಾಡುತ್ತಾ ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಕುಂಟೆತ್ತು ಅಂದರೆ ಹುಡುಗರಿಗೆ ಉಳಿದ ಎತ್ತುಗಳಿಗಿಂತ ಹೆಚ್ಚು ಪ್ರೀತಿ, ಕಾಳು ತರುವುದು ಅದೇ. ದೊಡ್ಡವ್ವ ಅವತ್ತು ದನದ ಹಿಂಡನ್ನು ಒಂದೊಂದಾಗಿ ನೋಡಿ, ಕೋಡು, ಇಣಿ (ಡುಬ್ಬ), ಗೊರಸು ಎಲ್ಲ ತಪಾಸಣೆ ಮಾಡಿ, ಕಾರು ಹತ್ತುವಾಗ ಅಂದಿದ್ದು ಇಷ್ಟು: "ಇಷ್ಟು ದನಾ ಮಾಡ್ಯಾರ, ಒಂದರ ಕುಂಟೆತ್ತು ಮಾಡ್ಬಾರದೇನ?" ನಾವು ಅವಸರದಲ್ಲಿ ಎಲ್ಲವನ್ನೂ ನೋಡಿಲ್ಲದೆ ಇರಬಹುದು. ನಿಮ್ಮ ಮಗಳಿಗೆ ಹುಡುಕಲು ಹೇಳಿ. ಸಿಕ್ಕರೆ ಇಲ್ಲಿ ಒಂದು ಸಾಲು ಬರೆಯಿರಿ, ದೊಡ್ಡವ್ವನಿಗೆ ಓದಿ ಹೇಳುತ್ತೇನೆ.